ಬಾಕಿ ಮುಂದಕ್ಕ

ಅಜ್ಜನ ಅಕ್ಷರ ಇರಿವಿ ಸಾಲು.
ಅರವತ್ತೆರಡರ ಕಿರ್ದಿ, ಹಟ್ಟಿಹಬ್ಬದ ಅರಿಷಿಣ ಇನ್ನೂ ಅಂಚಿಗದ,
ನಾಕನೇ ಪುಟದಾಗ ಬರದಾನ:
'ಹೂ ಡಾಕ್ಟರ. ರೇಣಶೇನ ಬೇರು, ಒಂದು.
ಎರಡೂವರಿ ತೊಲಿ. ಇಟ್ಟದ್ದು, ಮಾರಿದ್ದಲ್ಲ.'
ಕಿಮ್ಮತ್ತಿನ ಕಾಲಂದಾಗ ಬರೇ ಒಂದು ಗೀಟು.

ಹೂ ಅಂದ್ರ ಹೂವಲ್ಲ, ಅವರ ಮನೆತನದ ಹೆಸರು.
ಬ್ರಾಡ್‌ವೇದಾಗ ಮಾಳಿಗಿ ಮ್ಯಾಲ ಹಲ್ಲಿನ ದವಾಖಾನಿ,
ಬೋರ್ಡಿನ ತುಂಬ ಬಣ್ಣದ ದವಡಿ.
ಅಜ್ಜನ ಎರಡು ಹಲ್ಲು ಕಿತ್ತು
ರೊಕ್ಕದ ಬದ್ಲಿ ಲವಂಗದೆಣ್ಣಿ ಒಯ್ದನಂತ.
ಮುಂದ ಪ್ರತಿ ತಿಂಗಳಾ ಒಯ್ದ, ರೊಕ್ಕಾ ಕೊಟ್ಟು.

ಆವತ್ತ ಬಂದದ್ದು ದೀಪ ಹಚ್ಚೂ ಹೊತ್ತಿಗೆ.
ಕಟ್ಟಿ ಕೆಳಗ ಇಬ್ಬರು ಪೊಲೀಸರು;
ಅವರಾಗ ಒಬ್ಬನ ಮುಂದಿನ ಹಲ್ಲು ಅಂವನಽ ಕಟ್ಟಿದ್ದು.
ಕೆಂಪು ದಾರ ಸುತ್ತಿದ ಬೇರು ಗಲ್ಲಾದ ಮ್ಯಾಲ ಇಟ್ಟು
'ನಮ್ಮವ್ವಗ ತರಿಸಿದ್ದು. ಕುದಸೂದರಾಗ ಹೋಗಿಬಿಟ್ಟಳು.
ಹಸಿ ಹತ್ತಬಾರದು ನೋಡ್ರಿ' ಅಂದ,
ಥೇಟ್ ಹುಬ್ಬಳ್ಳಿ ಮಾತಿನ್ಯಾಗ.
ಅಷ್ಟಽ. ರೈಲು ರಾಜಸ್ಥಾನದ ಕಡೆ ಹೋತು ಅಂದ್ರು ಯಾರೋ.
ಬೋರ್ಡಿಗೆ ಸುಣ್ಣಾ ಬಳದ್ರು.
ಮಳಿ ಬಂದಾಗೊಮ್ಮೆ ಸುಣ್ಣದೊಳಗಿಂದ
ಹಲ್ಲು ಕಾಣತಿದ್ದುವಂತ.

ವರ್ಷಾ ಕಿರ್ದಿ ಪೂಜಿ ಆದ ಮ್ಯಾಲ
ಮೊದಲ ತೂಗೂದು ಅದನ್ನ.
ಶತಾವರಿ, ಅಶ್ವಗಂಧಿ, ಹಿಪ್ಪಲಿ ಎಲ್ಲಾ ಆಮ್ಯಾಲ.
ತೊಲಿ ಹೋಗಿ ಗ್ರಾಂ ಬಂತು, ಅಜ್ಜ ಹೋಗಿ ಅಪ್ಪ ಬಂದ.
ಇಪ್ಪತ್ತೊಂಬತ್ತು. ಇಪ್ಪತ್ತೆಂಟೂವರಿ. ಇಪ್ಪತ್ತೆಂಟು.
ಬಾಕಿ ಮುಂದಕ್ಕ, ಬಾಕಿ ಮುಂದಕ್ಕ.
ಎಂಬತ್ತಾರರಾಗ ಒಮ್ಮಿಂದೊಮ್ಮೆಲೆ ಇಪ್ಪತ್ತಾರು.
ಬಾಜೂಕ ಅಪ್ಪ ಬರದಾನ: 'ನುಸಿ.'

ನುಸಿ ಅಲ್ಲಪಾ. ನಾನು.

ಕಪ್ಪತಗುಡ್ಡದ ಬೇರು ಹೊತ್ತು
ಡೋಣಿ ತಾಂಡಾದ ಸೋಮ್ಲವ್ವ ಬರತಿದ್ದಳಲ್ಲ,
'ಹಲವು ಮಕ್ಕಳ ತಾಯಿ' ಬೇರಿನ ಗೊಂಚಲ ಬಿಚ್ಚಿ
ಒಂದೊಂದಕ್ಕೂ ಒಂದೊಂದು ಹೆಸರಿಟ್ಟು ನಗಸಾಕಿ,
ಅಕಿ ಇದನ್ನ ನೋಡಿ ನಗಲಿಲ್ಲ.
'ಇದಕ್ಕ ಕೈ ಅದಾವು, ಕಾಲು ಅದಾವು.
ಕಾಲಿದ್ದದ್ದು ಒಂದಿನ ತನ್ನ ಊರಿಗೆ ಹೋಗೂದ ಬೇ' ಅಂದಳು.
ಹೋದ್ರ ಅಪ್ಪ ಯಾರಿಗೆ ಏನಂತ ಲೆಕ್ಕಾ ಕೊಡತಾನ?
ಹೊಸದಾಗಿ ಹುಟ್ಟಿದ ಮುಂದಿನ ಹಲ್ಲು.
ಖಾನೇದ ಹಿಂದ ಕುಂತು
ಎಡಗಾಲ ತುದಿ ಕಡದುಬಿಟ್ಟೆ.

ಮೊದಲ ಮಣ್ಣು. ಆಮ್ಯಾಲ ಕಹಿ.
ಭಾಳ ಹೊತ್ತಿನ ಮ್ಯಾಲ, ನುಂಗಿ ಮರತ ಮ್ಯಾಲ,
ಗಂಟಲದ ತಳದಾಗ ಒಂಚೂರು ಸಿಹಿ,
ಜ್ಯೇಷ್ಠಮಧು ಅಲ್ಲ, ಅದರ ಪರದೇಶಿ ತಂಗಿ ಇದ್ದಂಗ.
ರಾತ್ರಿಯೆಲ್ಲಾ ಕಿವಿ ಬಿಸಿ, ನಿದ್ದಿ ಇಲ್ಲ.
ಸ್ಟೇಶನ್‌ದಾಗ ಗೂಡ್ಸ್ ಡಬ್ಬಿ ಒಂದಕ್ಕೊಂದು ಬಡದಾಗೆಲ್ಲಾ
ಹೂ ಡಾಕ್ಟರ ಇಳದ ಅಂದ್ಕೊಂಡೆ.
ಬಂದು ಕಾಲು ಕೇಳತಾನ ಅಂದ್ಕೊಂಡೆ.

ಅಪ್ಪ ಕಿಮ್ಸ್‌ದಾಗ ಮಲಗಿದಾಗ
ಕಾಕಾ ಅಂದ, ಅದನ್ನಽ ಒಂದೀಟು ಕುದಿಸಿ ಹಾಕ್ರಿ, ಶಕ್ತಿ ಬಂದೀತು.
ಅಪ್ಪ ನಳಿಗಿ ಚುಚ್ಚಿದ ಕೈ ಎತ್ತಿ ಅಳ್ಳಾಡಿಸಿದ.
ಬ್ಯಾಡ ಅಂದನೋ, ನೊಣಾ ಹೊಡದನೋ.
ನಾವು ಬ್ಯಾಡ ಅಂತಽ ತಿಳಕೊಂಡ್ವಿ.

ಈಗ ಎದುರಿನ ಮೆಡಿಕಲ್ ಅಂಗಡ್ಯಾಗ ಅದರ ಗುಳಗಿ ಅದಾವು,
ಹತ್ತರ ಪಟ್ಟಿ, ಪಟ್ಟಿ ಮ್ಯಾಲ ಚಿತ್ರ:
ಅದಽ ಬೇರು, ಎರಡೂ ಕಾಲು ಪೂರಾ.
ನಾ ಆ ಕಡೆ ಹೆಚ್ಚು ನೋಡಂಗಿಲ್ಲ.

ಈ ಹಬ್ಬಕ್ಕ ಕರೆಂಟಿನ ತಕ್ಕಡಿ
ಹದಿನೇಳು ಹದಿನಾರರ ನಡುವ ಮಿಣುಕತಾ ಕುಂತಿತು.
ದಾರದ ಕೆಂಪು ಹೋಗಿ ಚಾದ ಬಣ್ಣ.
ಹದಿನೇಳು ಅಂತ ಬರದೆ. ಬಾಕಿ ಮುಂದಕ್ಕ.
ಅದರ ಕೆಳಗ, ಅಪ್ಪನ ಹಳೇ ಪುಟ ತೆಗೆದಿಟ್ಟುಕೊಂಡು:
'ಸರ್ವಮಂಗಲಾ. ಎರಡು ಗ್ರಾಂ. ಕೊಡೂದದ.'
ಕಿಮ್ಮತ್ತಿನ ಕಾಲಂದಾಗ ಅಜ್ಜ ಎಳದಂಗ
ಒಂದು ಗೀಟು ಎಳದೆ.
ನಂದು ಸೊಟ್ಟ ಬಂತು.